ಮೂರು ಶೀಟಿನ ಸೆಕೆ

ನಮ್ಮ ಲಾಂಡ್ರಿಯ ಇಸ್ತ್ರಿ ಹಾಲಿನ ಇಪ್ಪತ್ತೆರಡು ಹೆಂಗಸರಿಗೆ ಸ್ವೆಟರ್ ಕೊಟ್ಟದ್ದು ಕಡು ಬೇಸಿಗೆಯಲ್ಲಿ. ಕಂದು ಬಣ್ಣದ ಉಣ್ಣೆ ಸ್ವೆಟರ್, ಕತ್ತಿನವರೆಗೆ ಗುಂಡಿ. ಜೊತೆಗೆ ಕೈಗವಸು. ಸರ್ಕಾರದ ಆದೇಶ. ಆ ಆದೇಶ ಬರುವ ಹಾಗೆ ಮಾಡಿದವಳು ನಾನು. ನಗುವವರು ನಗಲಿ. ನಾನೂ ನಕ್ಕಿದ್ದೇನೆ, ಆದರೆ ಬಹಳ ತಡವಾಗಿ.

ನಮ್ಮಲ್ಲಿಗೆ ಆಸ್ಪತ್ರೆಗಳ ಶೀಟೂ ಬರುತ್ತದೆ, ಹೋಟೆಲುಗಳ ಶೀಟೂ ಬರುತ್ತದೆ. ಒಗೆಯುವ ಕಡೆ ಗಂಡಸರು. ಒಗೆದು ಹಿಂಡಿದ್ದು ಹಸಿಯಾಗಿ ನಮ್ಮ ಹಾಲಿಗೆ ಬರುತ್ತದೆ. ಅಲ್ಲಿ ಮೂರು ರೋಲರ್. ಒಂದೊಂದೂ ಮಂಚಕ್ಕಿಂತ ಅಗಲದ ಉಕ್ಕಿನ ಉರುಳೆ, ಹೊಟ್ಟೆಯೊಳಗೆ ಆವಿ. ಈಚೆಯಿಂದ ಇಬ್ಬರು ಶೀಟಿನ ಅಂಚು ಹಿಡಿದು ಅದರ ಬಾಯಿಗೆ ಕೊಡಬೇಕು. ಆಚೆ ಇಬ್ಬರು ಹಿಡಿದು ಮಡಿಸಬೇಕು. ನಾನು ಈಚೆ, ನನ್ನ ತಂಗಿ ಆಚೆ. ಹನ್ನೊಂದು ವರ್ಷ ಬಿಸಿ ಬಟ್ಟೆ ಎಳೆದೆಳೆದು ನನ್ನ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿಲ್ಲ. ಗೇಟಿನ ಹಾಜರಿ ಮಿಷನ್ನು ದಿನಾ ಬೆಳಗ್ಗೆ ನನ್ನ ಹೆಬ್ಬೆಟ್ಟು ನೋಡಿ ಇವಳು ಯಾರೋ ಗೊತ್ತಿಲ್ಲ ಅನ್ನುತ್ತದೆ. ವಾಚ್‌ಮನ್ ಬಂದು ಗೊತ್ತು ಅನ್ನಬೇಕು.

ಸೆಕೆಯನ್ನು ಅಳೆಯುವುದಕ್ಕೆ ನಮ್ಮದೇ ಒಂದು ಲೆಕ್ಕವಿತ್ತು. ಮುಖದ ಬೆವರು ಶೀಟಿನ ಮೇಲೆ ಬಿದ್ದರೆ ರೋಲರ್ ಅದನ್ನು ಹಳದಿ ಕಲೆಯಾಗಿ ಸುಟ್ಟು ಹಾಕುತ್ತದೆ. ಆ ಶೀಟು ವಾಪಸ್ ಒಗೆಯುವ ಕಡೆಗೆ, ಬೈಗುಳ ನಮ್ಮ ಕಡೆಗೆ. ಅದಕ್ಕೆ ಮುಖ ಒರೆಸಿಕೊಂಡ ಮೇಲೆ ಎಷ್ಟು ಶೀಟು ಕೊಡುವಷ್ಟರಲ್ಲಿ ಗಲ್ಲದ ತುದಿಗೆ ಹನಿ ಬರುತ್ತದೆ ಅಂತ ಎಣಿಸುತ್ತೇವೆ. ಬೆಳಗ್ಗೆ ಹತ್ತು. ಊಟದ ಹೊತ್ತಿಗೆ ಐದು. ಮಧ್ಯಾಹ್ನ ಮೂರು, ಹಾಳು ದಿನಗಳಲ್ಲಿ ಎರಡು. ಪಾಳಿ ಬದಲಾಗುವಾಗ ಹೋಗುವವಳು ಬರುವವಳಿಗೆ "ಮೂರು ಇದೆ ಕಣೇ" ಅನ್ನುತ್ತಾಳೆ. ಅಷ್ಟು ಹೇಳಿದರೆ ಸಾಕು, ಬರುವವಳು ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಾಳೆ. ಈ ಲೆಕ್ಕ ಕಲಿಸಿದವಳು ಅತ್ತೆ. ಅವಳು ಯಾರ ಅತ್ತೆಯೂ ಅಲ್ಲ. ಮೂವತ್ತು ವರ್ಷದಿಂದ ರೋಲರ್ ಮುಂದೆ ನಿಂತ ಹೆಂಗಸು, ಅದಕ್ಕೇ ಎಲ್ಲರಿಗೂ ಅತ್ತೆ.

ಹೋದ ವರ್ಷ ತಂಗಿ ಬಸುರಿಯಾಗಿದ್ದಳು. ನಾಲ್ಕನೇ ತಿಂಗಳು. ಎರಡು ಶೀಟಿನ ಒಂದು ಮಧ್ಯಾಹ್ನ ಆಚೆ ಕಡೆ ನಿಂತವಳು "ಅಕ್ಕಾ, ಕಾಲಲ್ಲಿ ಏನೋ ಬಿಸಿ ಇಳೀತಿದೆ" ಅಂದಳು. ನಾನು ಸುತ್ತು ಹಾಕಿ ಹೋಗುವಷ್ಟರಲ್ಲಿ ಕೆಳಗೆ ಕೂತಿದ್ದಳು. ಕೈಗೆ ಸಿಕ್ಕ ಶೀಟಿನಲ್ಲಿ ಸುತ್ತಿ ಹೊರಗೆ ಹೊತ್ತುಕೊಂಡು ಹೋದೆವು. ಮ್ಯಾನೇಜರ್ ತನ್ನ ಗಾಜಿನ ರೂಮಿನಿಂದ ಎದ್ದು ಬಂದು ಕೇಳಿದ್ದು ಒಂದೇ ಮಾತು. "ಆ ಶೀಟು ಹೋಟೆಲ್ದಾ, ಆಸ್ಪತ್ರೆದಾ?" ಅವತ್ತಿನ ರಿಜಿಸ್ಟರಿನಲ್ಲಿ ಆ ಮಗುವಿನ ದಾಖಲೆ ಇದೆ. ಹೋಟೆಲ್ ಶೀಟು, ಒಂದು, ಹಾಳು.

ಆ ಮಗು ಹೋದ ಮೇಲೆ ನನಗೆ ಬೇಕಾಗಿದ್ದದ್ದು ಒಂದೇ. ಆಫೀಸಿನ ಗೋಡೆಯ ಮೇಲೆ ಸರ್ಕಾರದ ಒಂದು ನಿಯಮ ಅಂಟಿಸಿದ್ದರು. ಕೆಲಸದ ಜಾಗ ಮೂವತ್ತೆರಡು ಡಿಗ್ರಿ ದಾಟಿದರೆ ಗಂಟೆಗೆ ಹದಿನೈದು ನಿಮಿಷ ಕೂರಿಸಬೇಕು, ತಂಪಾದ ಜಾಗದಲ್ಲಿ. ನಾನು ಏಳನೇ ಕ್ಲಾಸು ಓದಿದವಳು, ಅದನ್ನು ಓದಿದೆ. ಮ್ಯಾನೇಜರ್‌ಗೆ ಹೇಳಿದೆ. "ಮೂವತ್ತೆರಡು ದಾಟಿದೆ ಅಂತ ಯಾರು ಹೇಳಿದ್ದು? ಅಳೆದವರು ಯಾರು?" ಅಂದ. ನಿಜ. ಅಳೆಯದ ಸೆಕೆ ಸೆಕೆಯಲ್ಲ. ಇಪ್ಪತ್ತೆರಡು ಜನರ ಸಹಿ, ಹೆಬ್ಬೆಟ್ಟು ಹಾಕಿಸಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟೆವು. ಏಳು ತಿಂಗಳಾದ ಮೇಲೆ, ಈ ವರ್ಷ, ಅಳೆಯುವವನು ಬಂದ. ಅಷ್ಟು ಹೊತ್ತಿಗೆ ತಂಗಿ ಮತ್ತೆ ಬಸುರಿ.

ಬಿಳಿ ಅಂಗಿಯ, ಕನ್ನಡಕದ ಹುಡುಗ. ಇಲಾಖೆಯ ಪರವಾಗಿ ಅಳೆಯುವ ಕಂಪನಿಯವನು. ಒಳ್ಳೆಯವನೇ, ಎಲ್ಲರಿಗೂ ನಮಸ್ಕಾರ ಮಾಡಿದ. ಕೈಯಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡ ಒಂದು ಕಂಪ್ಯೂಟರ್, ಅದಕ್ಕೆ ಬಾಲದ ಹಾಗೆ ಒಂದು ವೈರು, ವೈರಿನ ತುದಿಗೆ ಕಡ್ಡಿ. ಅವನು ಅದನ್ನು ಹ್ಯಾಂಡ್‌ಹೆಲ್ಡ್ ಅಂದ. ನಾವು ಕೈಡಬ್ಬಿ ಅಂದೆವು. ದಿನಕ್ಕೆ ಎಂಟು ಸಲ, ಐದು ದಿನ, ರೋಲರ್ ಪಕ್ಕದಲ್ಲೇ ನಿಂತು ಅಳೆಯಬೇಕು. ಅಳೆದದ್ದು ತಾನಾಗೇ ಒಳಗೆ ಬರೆದುಕೊಳ್ಳುತ್ತದೆ, ತಾನಾಗೇ ಇಲಾಖೆಗೆ ಹೋಗುತ್ತದೆ, ತಾನಾಗೇ ವರದಿಯಾಗುತ್ತದೆ. "ಮನುಷ್ಯರು ಮುಟ್ಟೋ ಹಾಗೇ ಇಲ್ಲ" ಅಂತ ಹೆಮ್ಮೆಯಿಂದ ಹೇಳಿದ.

ಹಾಲಿನೊಳಗೆ ಕಾಲಿಟ್ಟ ಐದು ನಿಮಿಷಕ್ಕೆ ಅವನ ಕನ್ನಡಕ ಮಂಜಾಯಿತು. ಎರಡನೇ ಅಳತೆಗೆ ಗೋಡೆ ಹಿಡಿದುಕೊಂಡ. ಮೂರನೆಯದಕ್ಕೆ ಬರಲೇ ಇಲ್ಲ. ಗಾಜಿನ ರೂಮಿನ ಬಾಗಿಲಲ್ಲಿ ನಿಂತು ನನ್ನನ್ನು ಕರೆದ. "ಅಕ್ಕಾ, ನಿಮಗೆ ಅಂಕಿ ಓದೋಕೆ ಬರುತ್ತೆ ತಾನೆ? ನೀವೇ ಹಿಡ್ಕೊಳ್ಳಿ. ನಿಮಗೆ ಅಭ್ಯಾಸ ಆಗಿರುತ್ತೆ."

ಅಭ್ಯಾಸ. ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಬಡ್ತಿ ಅದು.

ನಾನು ಹಿಡಿದುಕೊಂಡೆ. ಒಂದು ಕೈಯಲ್ಲಿ ಶೀಟು, ಸೊಂಟದಲ್ಲಿ ಕೈಡಬ್ಬಿ. ಸ್ವಲ್ಪ ಹೊತ್ತಿಗೆ ಅದರ ಮುಖ ಕೆಂಪಾಗಿ ಕೀ ಕೀ ಅಂತ ಕೂಗತೊಡಗಿತು. ಓಡಿಹೋಗಿ ಅವನಿಗೆ ಕೊಟ್ಟೆ. ಅವನು ಗಾಬರಿಯಾದ. "ಅಯ್ಯೋ, ಕಾದುಬಿಟ್ಟಿದೆ. ಇದಕ್ಕೆ ರೆಸ್ಟ್ ಬೇಕು. ಅರ್ಧ ಗಂಟೆ ಎಸಿಯಲ್ಲಿ ಇಡಬೇಕು, ಇಲ್ದಿದ್ರೆ ಹಾಳಾಗುತ್ತೆ." ಬಾಟಲಿಯ ಔಷಧಿ ಹಾಕಿ, ನನ್ನ ಕೈ ಮುಟ್ಟಿದ ಕಡೆಯೆಲ್ಲ ಬಟ್ಟೆಯಿಂದ ಒರೆಸಿ, ಮ್ಯಾನೇಜರನ ಮೇಜಿನ ಮೇಲೆ ಮೆತ್ತಗೆ ಮಲಗಿಸಿದ. ನಾನು ಹೊಸ್ತಿಲ ಹೊರಗೆ ನಿಂತು ನೋಡಿದೆ. ತಂಪುಗಾಳಿ ಅದರ ಮೇಲೆ ಬೀಳುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ಸುಳ್ಳಲ್ಲ.

"ಹಾಗಾದ್ರೆ ಅಷ್ಟು ಹೊತ್ತಿನ ಅಳತೆ?" ಅಂದೆ.

"ಅದೇನು ದೊಡ್ಡದಲ್ಲ. ಡಬ್ಬಿ ತಣ್ಣಗಾದ ಮೇಲೆ ಇಲ್ಲಿ ಒಂದು ಖಾಲಿ ಚೌಕ ಬರುತ್ತೆ, ನೋಡಿ. ಆಗ ಸೆಕೆ ಎಷ್ಟಿತ್ತೋ ಅಷ್ಟು ಹಾಕಿ, ಈ ಹಸಿರು ಬಟನ್ ಒತ್ತಿ. ಮುಗೀತು."

ಸೆಕೆ ಎಷ್ಟಿತ್ತೋ ಅಷ್ಟು. ನನಗೆ ಗೊತ್ತಿರದ ವಿಷಯವೇ? ಆ ಮಧ್ಯಾಹ್ನ ಮೂರಿತ್ತು. ಮೂರು ಹಾಕಿದೆ. ಹಸಿರು ಒತ್ತಿದೆ. ಡಬ್ಬಿ ಟಿಣ್ ಅಂದಿತು. ಮರುದಿನ ಕೈಡಬ್ಬಿ ಬೆಳಗಿನ ಒಂದು ಅಳತೆ ಮುಗಿಸುವಷ್ಟರಲ್ಲಿ ಕೆಂಪಾಯಿತು. ಐದು ದಿನವೂ ಅದೇ ಕಥೆ. ನಲವತ್ತು ಅಳತೆಯಲ್ಲಿ ಅದು ಸ್ವಂತ ಮಾಡಿದ್ದು ಆರು. ಉಳಿದ ಮೂವತ್ತನಾಲ್ಕು ನನ್ನವು. ಮೂರು, ಮೂರು, ಎರಡು, ನಾಲ್ಕು, ಮೂರು. ಒಂದನ್ನೂ ಅಂದಾಜಿನಲ್ಲಿ ಹಾಕಲಿಲ್ಲ. ಪ್ರತಿ ಸಲ ಮುಖ ಒರೆಸಿಕೊಂಡು, ಶೀಟು ಎಣಿಸಿ, ಹನಿ ಬೀಳುವವರೆಗೆ ಕಾದು ಹಾಕಿದೆ. ಅನುಮಾನ ಬಂದಾಗ ಅತ್ತೆಯನ್ನು ಕೇಳಿ ಹಾಕಿದೆ. ನನ್ನ ಜನ್ಮದಲ್ಲಿ ಅಷ್ಟು ಪ್ರಾಮಾಣಿಕವಾಗಿ ಯಾವ ಕೆಲಸವನ್ನೂ ಮಾಡಿಲ್ಲ.

ಕೈಡಬ್ಬಿಗೆ ಮೂರು ಅಂದರೆ ಮೂರು ಡಿಗ್ರಿ. ಅದೇ ಡಬ್ಬಿ, ಅದೇ ಸಾಫ್ಟ್‌ವೇರು ಐಸ್ ಗೋದಾಮುಗಳನ್ನೂ ಅಳೆಯುತ್ತದಂತೆ. ಅದಕ್ಕೆ ಮೂರೂ ಒಂದೇ ನಲವತ್ತೂ ಒಂದೇ. ಎಲ್ಲ ಕೂಡಿಸಿ ಭಾಗಿಸಿತು. ಸರಾಸರಿ ಎಂಟು ಚಿಲ್ಲರೆ. ವರದಿ ತಾನಾಗೇ ಹೋಯಿತು, ಮನುಷ್ಯರು ಯಾರೂ ಮುಟ್ಟಲಿಲ್ಲ. ನಾಲ್ಕು ಸಹಿ ಬಿದ್ದು ಆದೇಶ ಬಂತು. ಇದು ಅತಿ ಶೀತದ ಕೆಲಸದ ಜಾಗ. ಕೆಲಸಗಾರರಿಗೆ ಉಣ್ಣೆ ಬಟ್ಟೆ, ಕೈಗವಸು, ದಿನಕ್ಕೆ ಎರಡು ಸಲ ಬಿಸಿ ಪಾನೀಯ ಕೊಡತಕ್ಕದ್ದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಕಟ್ಟಲು ಹಗ್ಗ ಕೊಟ್ಟವಳು ನಾನೇ.

ಸ್ವೆಟರಿನ ಮೂಟೆ ಬಿಚ್ಚಿದ ದಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಅತ್ತೆ ಒಂದನ್ನು ತಲೆಗೆ ಸುತ್ತಿಕೊಂಡು ಕುಣಿದಳು. ಆದೇಶ ಓದಿದ ನಾನು ಮಾತ್ರ ನಗಲಿಲ್ಲ. ಮುಂದಿನ ಅಳತೆ ಎರಡು ವರ್ಷದ ಮೇಲೆ ಅಂತ ಕೆಳಗೆ ಬರೆದಿತ್ತು. ತಂಗಿಗೆ ಆಗ ಐದು ತಿಂಗಳು ತುಂಬಿತ್ತು. ಕೈಗೆ ಬಂದ ತುತ್ತನ್ನು ನಾನೇ ನೆಲಕ್ಕೆ ಚೆಲ್ಲಿದ್ದೆ. ಅವತ್ತು ಅವಳ ಮುಖ ನೋಡಲಾಗಲಿಲ್ಲ.

ಮರುದಿನ ಗಾಜಿನ ರೂಮಿಗೆ ಹೋದೆ. ಒಳಗೆ ಬರುವ ಹಾಗಿಲ್ಲ, ಬಾಗಿಲಲ್ಲೇ ನಿಂತೆ. "ಸಾರ್, ಆ ಅಂಕಿ ಹಾಕಿದ್ದು ನಾನು. ಅದು ಡಿಗ್ರಿ ಅಲ್ಲ, ಶೀಟು. ಮೂರು ಶೀಟಿಗೊಂದು ಸಲ ಬೆವರು ಬರುತ್ತೆ ಅಂತ."

ಮ್ಯಾನೇಜರ್‌ಗೆ ತಕ್ಷಣ ಅರ್ಥವಾಯಿತು. ಕನ್ನಡಕ ತೆಗೆದಿಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, "ದಾಖಲೆ ಅಂದ್ರೆ ದಾಖಲೆ ಕಣಮ್ಮ. ಮಿಷನ್ ಸುಳ್ಳು ಹೇಳುತ್ತಾ?" ಅಂದ. ಹನ್ನೊಂದು ವರ್ಷದಲ್ಲಿ ನನ್ನ ಕೈಯಿಂದ ಒಂದು ಚೀಟಿಯನ್ನೂ ನೇರವಾಗಿ ತೆಗೆದುಕೊಂಡವನಲ್ಲ. ಮೇಜಿನ ಮೇಲಿಡು ಅನ್ನುತ್ತಿದ್ದ. ಈಗ ನನ್ನ ಕೈ ಬರೆದ ಅಂಕಿಯನ್ನು ತನ್ನ ಮಗುವಿನ ಹಾಗೆ ಕಾಯುತ್ತಿದ್ದ.

"ಮತ್ತೆ ಅಳೆಸಿ ಸಾರ್. ತಪ್ಪು ನಂದು."

"ನಿನ್ನ ತಪ್ಪು ಅಂತ ಬರೆದುಕೊಡ್ತೀಯಾ? ಸರ್ಕಾರದ ಅಂಕಿ ತಿದ್ದಿದ್ರೆ ಏನಾಗುತ್ತೆ ಗೊತ್ತಾ? ಕೆಲಸ ಹೋಗುತ್ತೆ, ಮೇಲೆ ಕೇಸು. ಬಡವನ ಕೋಪ ದವಡೆಗೆ ಮೂಲ. ಸುಮ್ನೆ ಹೋಗು. ಇನ್ನೊಂದು ವಾರಕ್ಕೆ ಇಲಾಖೆಯಿಂದ ಬರ್ತಾರೆ. ಸ್ವೆಟರ್ ಹಾಕ್ಕೊಂಡು ಒಂದು ಫೋಟೋಗೆ ನಿಂತ್ಕೊಳ್ಳಿ. ಆಮೇಲೆ ಬಿಚ್ಚಿ ಮನೆಗೆ ತಗೊಂಡು ಹೋಗಿ, ನನ್ನದೇನೂ ಅಭ್ಯಂತರ ಇಲ್ಲ."

ಅಳೆದ ಹುಡುಗನಿಗೆ ವಾಚ್‌ಮನ್‌ನ ಫೋನಿನಿಂದ ಕರೆ ಮಾಡಿದೆ. ಅವನು ಆಚೆಯಿಂದ ಅತ್ತೇಬಿಟ್ಟ. "ಅಕ್ಕಾ, ನೀವು ಡಬ್ಬಿ ಹಿಡಿದಿದ್ರಿ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ" ಅಂದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬರದಿದ್ದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಇಲಾಖೆಯಿಂದ ಬಂದವರು ಒಬ್ಬರು ಆಫೀಸರಮ್ಮ. ಅವರ ಕೈಯಲ್ಲೂ ಒಂದು ಕೈಡಬ್ಬಿ. ಅವತ್ತು ಎರಡು ಶೀಟಿನ ಸೆಕೆ. ಹಾಲಿನ ಬಾಗಿಲಲ್ಲೇ ಅವರು ಒಂದು ಹೆಜ್ಜೆ ಹಿಂದಕ್ಕೆ ಹೋದರು. ಆಮೇಲೆ ಕರ್ಚೀಫು ಮೂಗಿಗೆ ಹಿಡಿದು ಒಳಗೆ ಬಂದರು. ನಾವು ಇಪ್ಪತ್ತೆರಡು ಜನ ರೋಲರ್ ಮುಂದೆ ಸಾಲಾಗಿ ನಿಂತಿದ್ದೆವು, ಕತ್ತಿನವರೆಗೆ ಗುಂಡಿ ಹಾಕಿಕೊಂಡು. ರೋಲರ್‌ಗಳು ತಿರುಗುತ್ತಲೇ ಇದ್ದವು. ಫೋಟೋದಲ್ಲಿ ಮುಖ, ಸ್ವೆಟರ್, ಓಡುತ್ತಿರುವ ಮಿಷನ್, ಮೂರೂ ಕಾಣಬೇಕಂತೆ.

"ಮೇಡಂ," ಅಂದೆ. "ನಿಮಗೆ ಇಲ್ಲಿ ಚಳಿಯಾಗ್ತಿದೆಯಾ?"

ಅವರ ಮೂಗಿನ ತುದಿಯಲ್ಲಿ ಹನಿ ನಿಂತಿತ್ತು. ಅವರು ಮ್ಯಾನೇಜರನ್ನು ನೋಡಿದರು, ಡಬ್ಬಿಯನ್ನು ನೋಡಿದರು. "ನೋಡಮ್ಮ, ನನಗೆ ಕಾಣುತ್ತೆ. ಆದ್ರೆ ಇದರಲ್ಲಿ ಇರೋದು ಎರಡೇ ಪ್ರಶ್ನೆ. ಸ್ವೆಟರ್ ಕೊಟ್ಟಿದ್ದಾರಾ? ಬಿಸಿ ಪಾನೀಯ ಕೊಡ್ತಿದ್ದಾರಾ? ಹೌದು ಅಥವಾ ಇಲ್ಲ. ಸೆಕೆ ಅಂತ ಬರೆಯೋಕೆ ಇದರಲ್ಲಿ ಜಾಗಾನೇ ಇಲ್ಲ."

"ಕೊಟ್ಟಿದ್ದೀವಿ ಮೇಡಂ," ಅಂದ ಮ್ಯಾನೇಜರ್. "ಬೇಗ ಫೋಟೋ ತೆಗೀರಿ, ಪಾಪ ನಿಮಗೆ ಕಷ್ಟ ಆಗ್ತಿದೆ."

ಆಗ ತಂಗಿ ಓಲಾಡಿದಳು. ಹೊಟ್ಟೆಯ ಮೇಲೆ ಬಿಗಿದಿದ್ದ ಗುಂಡಿಗಳು ಮೇಲೆ ಕೆಳಗೆ ಆಡುತ್ತಿದ್ದವು. ಮುಖ ಸುಣ್ಣದ ಹಾಗಾಗಿತ್ತು. ನಾನು ಅವಳ ಗುಂಡಿಗೆ ಕೈ ಹಾಕಿದೆ.

"ಬೇಡ ಅಕ್ಕಾ," ಅಂತ ನನ್ನ ಕೈ ಹಿಡಿದಳು. "ಒಂದು ಫೋಟೋ ತಾನೆ. ನಿಂತ್ಕೊಳ್ತೀನಿ."

"ನೀನು ನಿಂತಿದ್ದು ಸಾಕು."

ಗುಂಡಿಗಳನ್ನು ಬಿಚ್ಚಿದೆ. ಸ್ವೆಟರನ್ನು ಅವಳ ತೋಳಿನಿಂದ ಎಳೆದೆ. ಹನ್ನೊಂದು ವರ್ಷ ಮಾಡಿದ ಕೆಲಸ, ಕೈ ತಾನಾಗೇ ಮಾಡಿತು. ಎರಡು ಅಂಚು ಹಿಡಿದು, ಕೊಡವಿ, ನೇರ ಮಾಡಿ, ರೋಲರಿನ ಬಾಯಿಗೆ ಕೊಟ್ಟೆ.

ಶೀಟು ತಿಂದು ರೂಢಿಯಾದ ರೋಲರ್ ಉಣ್ಣೆಯನ್ನು ನುಂಗಿತು. ಗುಂಡಿಗಳು ಟಪ ಟಪ ಅಂತ ಒಡೆದವು. ಉಣ್ಣೆ ಉರುಳೆಗೆ ಸುತ್ತಿಕೊಂಡಿತು, ಸುಟ್ಟ ವಾಸನೆ ಎದ್ದಿತು, ಒಳಗೆಲ್ಲೋ ಏನೋ ಹರಿದ ಸದ್ದಾಯಿತು. ಆಮೇಲೆ ರೋಲರ್ ನಿಂತಿತು. ಅತ್ತೆ ಓಡಿಹೋಗಿ ಆವಿಯ ದೊಡ್ಡ ತಿರುಪು ಮುಚ್ಚಿದಳು. ಉಳಿದ ಎರಡೂ ನಿಂತವು. ಅಷ್ಟು ನಿಶ್ಶಬ್ದವನ್ನು ಆ ಹಾಲಿನಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ತಂಗಿಯನ್ನು ಮಡಿಸಿಟ್ಟ ಶೀಟುಗಳ ರಾಶಿಯ ಮೇಲೆ ಕೂರಿಸಿದೆ. ಅದರ ಮೇಲೆ ನಾವು ಕೈಯಿಡುವುದೇ ತಪ್ಪು, ಕೂರುವುದಂತೂ ದೂರದ ಮಾತು. ಅವಳು ಕಾಲು ಚಾಚಿ ಕೂತಳು.

ಮ್ಯಾನೇಜರ್ ಅರಚುತ್ತಿದ್ದ. ಏನೇನೋ ಬೈದ, ನಮ್ಮ ಹುಟ್ಟನ್ನೂ ಎಳೆದು ತಂದ. ಅದನ್ನೆಲ್ಲ ಇಲ್ಲಿ ಬರೆದು ಅವನನ್ನು ದೊಡ್ಡವನು ಮಾಡಲಾರೆ. ಆಫೀಸರಮ್ಮ ಡಬ್ಬಿಯಲ್ಲಿ ಬೆರಳಾಡಿಸುತ್ತಿದ್ದರು. "ಮಿಷನ್ ನಿಂತಿದ್ದಕ್ಕೆ ಬೇರೆ ಫಾರ್ಮ್ ಇದೆ," ಅಂದರು. "ಇಲ್ಲಿ ಎರಡು ಚೌಕ ಇದೆ. ಕೈತಪ್ಪಿ ಆಯಿತಾ, ಬೇಕಂತಲೇ ಮಾಡಿದ್ದಾ?" ಆಮೇಲೆ ದನಿ ತಗ್ಗಿಸಿ, "ಕೈತಪ್ಪಿ ಅನ್ನಮ್ಮ. ಕೆಲಸ ಉಳಿಯುತ್ತೆ," ಅಂದರು.

"ಕೈತಪ್ಪಿ ಅಂದ್ರೆ ಆಮೇಲೆ ಏನು ಕೇಳುತ್ತೆ?"

"ಏನೂ ಇಲ್ಲ. ಅಲ್ಲಿಗೇ ಮುಗಿಯುತ್ತೆ."

"ಬೇಕಂತಲೇ ಅಂದ್ರೆ?"

ಅವರು ಒತ್ತಿ ನೋಡಿದರು. "ಕಾರಣ ಬರೆಯಿರಿ ಅನ್ನುತ್ತೆ. ಇನ್ನೂರು ಅಕ್ಷರಕ್ಕೆ ಜಾಗ ಇದೆ."

ಆ ಇಡೀ ಮಿಷನ್ನಿನಲ್ಲಿ ನಮ್ಮ ಮಾತಿಗೆ ಇದ್ದದ್ದು ಅದೊಂದೇ ಜಾಗ. ಮಗು ಹೋದರೆ ಇಲ್ಲ, ತಲೆ ತಿರುಗಿ ಬಿದ್ದರೆ ಇಲ್ಲ. ರೋಲರ್ ಮುರಿದರೆ ಮಾತ್ರ ಯಾಕಮ್ಮ ಅಂತ ಕೇಳುತ್ತಿತ್ತು.

"ಬೇಕಂತಲೇ," ಅಂದೆ. "ಕೊಡಿ, ನಾನೇ ಬರೀತೀನಿ."

ಆಫೀಸರಮ್ಮ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಗೆರೆಯಿಲ್ಲದ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. "ಇಲ್ಲಿ ಚಳಿ ಇಲ್ಲ. ಮೂರು ಅಂದರೆ ಮೂರು ಶೀಟು, ಡಿಗ್ರಿ ಅಲ್ಲ. ಹಾಕಿದ್ದು ನಾನು. ಕೈಡಬ್ಬಿಗೆ ರೆಸ್ಟ್ ಕೊಟ್ಟಿರಿ. ಬಸುರಿಗೆ ಕೊಡಲಿಲ್ಲ. ಬಂದು ನೀವೇ ಅಳೆಯಿರಿ." ಹಸಿರು ಒತ್ತಿದೆ. ಅವರು ಡಬ್ಬಿಯನ್ನು ವಾಪಸ್ ತೆಗೆದುಕೊಂಡು, ಒರೆಸದೆ, ಚೀಲಕ್ಕೆ ಹಾಕಿಕೊಂಡರು.

ಅವತ್ತೇ ನನ್ನನ್ನು ಕೆಲಸದಿಂದ ತೆಗೆದರು. ಸ್ವೆಟರನ್ನು ಮಾತ್ರ ವಾಪಸ್ ಕೇಳಲಿಲ್ಲ.

ಮುಂದಿನದನ್ನು ಅತ್ತೆ ನಮ್ಮ ಮನೆಗೆ ಬಂದು ಹೇಳಿದಳು. ಹೋದ ವರ್ಷ ತಂಗಿಯ ಮಗು ಹೋದ ಮೇಲೆ ಏಳು ತಿಂಗಳು ಅರ್ಜಿ ಹಿಡಿದು ಅಲೆದಿದ್ದೆವು. ರೋಲರ್ ಕೆಟ್ಟ ಮೂರನೇ ದಿನಕ್ಕೆ ವಿಮೆ ಕಂಪನಿಯವನು ಹಾಜರ್. ಅವನ ಕೈಯಲ್ಲೂ ಕೈಡಬ್ಬಿ. ಅವನು ಇಲಾಖೆಯ ದಾಖಲೆ ತೆರೆದು, "ಈ ಹಾಲಲ್ಲಿ ಎಂಟು ಡಿಗ್ರಿ ಅಂತಿದೆ. ಇಷ್ಟು ಥಂಡಿಯಲ್ಲಿ ಆವಿ ರೋಲರ್ ಓಡಿಸಿದ್ರೆ ಕೆಡದೆ ಇನ್ನೇನಾಗುತ್ತೆ? ವಿಮೆ ಸಿಗಲ್ಲ" ಅಂದನಂತೆ.

"ಆಗ ನೋಡಬೇಕಿತ್ತು ಕಣೇ ನಮ್ಮ ಮ್ಯಾನೇಜರ್‌ನ," ಅಂತ ಅತ್ತೆ ಎದ್ದು ನಿಂತು ಅವನ ಹಾಗೇ ಕೈ ಬೀಸಿದಳು. "ಎಂಟಾ? ಯಾವ ಎಂಟು ಸಾರ್? ಇಲ್ಲಿ ದಿನಾ ಬೆಂದು ಸಾಯ್ತಾ ಇದ್ದೀವಿ! ಅಂದ. ಬೆಂದು ಸಾಯ್ತಾ ಇದ್ದೀವಂತೆ! ಅವನು, ಆ ಗಾಜಿನ ರೂಮಲ್ಲಿ!"

ವಿಮೆಯವನು ಅಳೆದ. ನಲವತ್ತಮೂರು. ಎರಡನೇ ಸಲ ಅಳೆಯುವಷ್ಟರಲ್ಲಿ ಡಬ್ಬಿ ಕೆಂಪಾಯಿತು. ಅವನು ಅದನ್ನು ಯಾರ ಕೈಗೂ ಕೊಡಲಿಲ್ಲ. 'ಈ ಕೋಣೆಯಲ್ಲಿ ಉಪಕರಣ ಕೆಲಸ ಮಾಡಲಾರದು' ಅಂತ ಬರೆದುಕೊಂಡ. ಮ್ಯಾನೇಜರ್ ನಲವತ್ತಮೂರು ನಿಜ ಅಂತ ಮೂರು ಕಡೆ ಸಹಿ ಹಾಕಿದ. ಸಹಿ ಹಾಕಿದ ಮೇಲೆ ಆ ಅಂಕಿ ಇಲಾಖೆಗೂ ಹೋಯಿತು, ತಾನಾಗೇ. ಗೋಡೆಯ ಮೇಲಿನ ನಿಯಮ ಅವನ ಕುತ್ತಿಗೆಗೆ ಬಂತು. ಅತ್ತೆಯ ನಾಟಕ ನೋಡಿ ಅವತ್ತು ನಾನು ನಕ್ಕೆ. ನಗುತ್ತ ನಗುತ್ತ ಅಳು ಬಂತು. ಹನ್ನೊಂದು ವರ್ಷದ ಕೆಲಸ, ಅಷ್ಟು ಸುಲಭಕ್ಕೆ ಮರೆಯುವಂಥದ್ದಲ್ಲ.

ಗಂಟೆಗೆ ಹದಿನೈದು ನಿಮಿಷ ಕೂರಿಸಬೇಕೆಂಬ ಹೊಸ ಆದೇಶ ಜಾರಿಗೆ ಬಂದ ದಿನ ಲಾಂಡ್ರಿಯ ಗೇಟಿನ ಹತ್ತಿರ ಹೋದೆ. ಒಳಗೆ ಬಿಡುವುದಿಲ್ಲ, ಗೊತ್ತು. ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಗೋಡೆಯಾಚೆ ರೋಲರ್‌ಗಳ ಗರಗರ. ಗಂಟೆ ಹೊಡೆಯಿತು. ಒಂದು ರೋಲರ್ ನಿಂತಿತು, ಇನ್ನೊಂದು ನಿಂತಿತು, ಮೂರನೆಯದು ನಿಂತಿತು. ನಾನು ಗೋಡೆಗೆ ಕಿವಿಯಿಟ್ಟೆ. ಏನೂ ಕೇಳಿಸಲಿಲ್ಲ.

ವಾಚ್‌ಮನ್ ಸ್ಟೂಲು ತಂದು ನೆರಳಿನಲ್ಲಿಟ್ಟ. "ಬಿಸಿಲಲ್ಲಿ ಯಾಕೆ ನಿಂತಿದ್ದೀಯಾ ತಾಯಿ? ಬಾ, ಇಲ್ಲಿ ಕೂತ್ಕೋ."

"ಇರಲಿ ಅಣ್ಣ," ಅಂದೆ. "ಒಳಗೆ ನನ್ನ ತಂಗಿ ಕೂತಿದ್ದಾಳೆ. ಅವಳು ಏಳೋ ತನಕ ನಿಂತಿರ್ತೀನಿ."